ಹನ್ನೆರಡು ಮೈಕ್ರಾನು

ಉದ್ಯಮಬಾಗಿನ ನಮ್ಮ ಶೆಡ್ಡಿಗೆ ಆ ಆರ್ಡರು ಬಂದದ್ದು
ಪುಣೆಯ ಕಂಪನಿಯೊಂದರ ಕೈ ದಾಟಿ.
ನಲವತ್ತು ತುಂಡು. ಅಂಗೈ ಅಗಲ, ನಾಕು ತೂತು.
ನಕ್ಷೆಯ ಮೂಲೆಯಲ್ಲಿ ಒಂದು ಷರತ್ತು:
ಅಯಸ್ಕಾಂತ ಹತ್ತಕೂಡದು.

ಇಮಾಮಹುಸೇನ ನಕ್ಕ.
'ಅಯಸ್ಕಾಂತ ಹತ್ತದ್ದು ಉಕ್ಕು ಹೆಂಗಾದೀತ್ರಿ ಬಾಯಾರ?
ಸಿಟ್ಟು ಬರದವಂಗ ಸಾಹೇಬ ಅಂತಾರೇನು?'
ಆದರೂ ನೂಲಿಗೆ ಅಯಸ್ಕಾಂತದ ಚೂರು ಕಟ್ಟಿ
ಒಂದೊಂದೇ ತುಂಡಿನ ಮೇಲೆ ಇಳಿಬಿಟ್ಟು ನೋಡಿದ,
ಕೂಸಿನ ಮುಂದೆ ಗಿಲಕಿ ಹಿಡಿದವನಂತೆ.
ನೂಲು ಅಲುಗಲಿಲ್ಲ.

ನನ್ನದು ಅಳೆಯುವ ಕೋಣೆ.
ಇಪ್ಪತ್ತು ಡಿಗ್ರಿ, ಗಾಜಿನ ಬಾಗಿಲು, ಮೇಗಡೆ ಸ್ವೆಟರು.
ಮಷೀನಿನಿಂದ ಬಂದದ್ದು ಆರುವ ತನಕ
ಮುಟ್ಟುವ ಹಾಗಿಲ್ಲ; ಕೈಯ ಕಾವಿಗೂ ಉಕ್ಕು ಉಬ್ಬುತ್ತದೆ.
ಹದಿನೇಳು ವರ್ಷದಿಂದ ಬಲ್ಲೆ ಇದನ್ನು.
ಆದರೂ ಪ್ರತಿ ಸಲ ಒಂದು ಗಳಿಗೆ ಸುಮ್ಮನಾಗುತ್ತೇನೆ:
ಮುಟ್ಟಿದರೆ ಬೆಳೆಯುವ ಉಕ್ಕು.

ಏಳನೆಯ ತುಂಡು ಹನ್ನೆರಡು ಮೈಕ್ರಾನು ತೆಳುವಿತ್ತು.
ತಲೆಗೂದಲೊಂದನ್ನು ಉದ್ದಕ್ಕೆ ಆರು ಸೀಳಿ
ಒಂದು ಸೀಳು ಕಳಕೊಂಡಷ್ಟು.
ಕೆಂಪು ಬಣ್ಣ ಬಳಿದು ಬದಿಗಿಟ್ಟೆ.
ಇಮಾಮಹುಸೇನ ಮೂರು ದಿನ ಮಾತಾಡಲಿಲ್ಲ.

ನಾಕನೆಯ ದಿನ ಚಹಾದ ಹೊತ್ತಿಗೆ ಕೇಳಿದ:
'ಕಡೀಕ ಇವು ಎಲ್ಲಿಗೆ ಹೋಗತಾವು?'
ಎಂಜಿನಿಯರ್ ಹುಡುಗ ಚೌಗಲಾ ಹೇಳಿದ,
ದೂರದ ದೇಶ, ನೆಲದಡಿ ಬಳೆಯಂಥ ಸುರಂಗ,
ಒಂದು ಸುತ್ತಂದರೆ ಇಲ್ಲಿಂದ ಖಾನಾಪುರ.
ಅದರೊಳಗೆ ಕಣ್ಣಿಗೆ ಬೀಳದ್ದನ್ನು ಕಣ್ಣಿಗೆ ಬೀಳದ್ದಕ್ಕೆ
ಡಿಕ್ಕಿ ಹೊಡೆಸುತ್ತಾರೆ.
ವಸ್ತುವಿಗೆ ತೂಕ ಯಾಕಿದೆ, ಅದನ್ನು ನೋಡಲಿಕ್ಕೆ.

'ಯಾಕೈತಿ ಅಂದ್ರ?'
ಚೌಗಲಾ ಕಪ್ಪು ಕೆಳಗಿಟ್ಟ. ಮುಂದಿನದು ಅವನಿಗೂ ತಿಳಿದಿರಲಿಲ್ಲ.
'ಖರ್ಚು?'
ಅವನು ಹೇಳಿದ ಮೊತ್ತದ ಸೊನ್ನೆಗಳನ್ನು
ಇಮಾಮಹುಸೇನ ಮೇಜಿನ ಧೂಳಲ್ಲಿ ಬರೆಯುತ್ತ ಹೋಗಿ
ಮೇಜು ಮುಗಿಯಿತು.
'ನಮ್ಮ ವಡಗಾವಿ ನಳಕ್ಕ ನೀರು ಎಂಟು ದಿನಕ್ಕೊಮ್ಮೆ.
ತೂಕ ಯಾಕೈತಿ ಅಂತ
ಕೊಡ ಹೊರೋ ನನ್ನ ಹೇಂತೀನ್ನ ಕೇಳ್ರಿ ಅನ್ನು ಅವರಿಗೆ.'

ಚೌಗಲಾ ಬಿಡಲಿಲ್ಲ.
ದವಾಖಾನೆಯ ಸ್ಕ್ಯಾನು, ಕೈಯೊಳಗಿನ ಫೋನು,
ಕ್ಯಾನ್ಸರಿಗೆ ಕೊಡುವ ಕರೆಂಟು, ಎಲ್ಲ ಇಂಥ
ಹುಚ್ಚರ ಮನೆಯಿಂದಲೇ ಬಂದದ್ದು ಅಂದ.
ಖರೆ ಇರಬಹುದು. ಆದರೂ ನನಗೆ,
ಹೆಣ್ಣಿನ ಗುಣ ಕೇಳಿದರೆ
ಬಳುವಳಿಯ ಪಟ್ಟಿ ಓದಿದಂತಿತ್ತು.

ಗುಜರಿಗೆ ಬಿದ್ದ ಆ ಏಳನೆಯ ತುಂಡನ್ನು
ಚೀಟಿ ಮಾಡಿಸಿ, ಕಿಲೋ ದರ ಕೊಟ್ಟು, ಮನೆಗೆ ತಂದೆ.
ಅವ್ವ ತಿಕ್ಕಿ ತೊಳೆದು ನಿಂಬೆಕಾಯಿ ಭರಣಿಯ
ಅರಿವೆಯ ಮೇಲಿಟ್ಟಳು. ತುಕ್ಕಿಲ್ಲ, ಜಾರುವುದಿಲ್ಲ.
'ಯಾರು ಮಾಡಿದ್ದರ ಇರಲಿ, ಛಲೋ ಭಾರ ಐತಿ.'

ಹಾಗಾಗಿ, ಯಾರಾದರೂ ಕೇಳಿದರೆ,
ಆ ಸುರಂಗದಿಂದ ನಮ್ಮ ದಿನದ ಬಾಳಿಗೆ ಬಂದದ್ದು
ನನ್ನ ಲೆಕ್ಕಕ್ಕೆ ಇದೊಂದೇ,
ಉಪ್ಪಿನಕಾಯಿಯ ಮೇಲಿನ ಭಾರ.
ಅದೂ ಅಲ್ಲಿಂದ ಬಂದದ್ದಲ್ಲ, ಅಲ್ಲಿಗೆ ಹೋಗದೆ ಉಳಿದದ್ದು.

ಮೊನ್ನೆ ರಾತ್ರಿ ಎರಡಕ್ಕೆ ನಮ್ಮ ಓಣಿಗೆ ನೀರು ಬಂತು.
ಆರನೆಯ ಕೊಡ ಸೊಂಟಕ್ಕೇರಿಸಿ
ಮೆಟ್ಟಿಲ ನಡುವೆ ನಿಂತುಬಿಟ್ಟೆ.
ಎಷ್ಟಿದೆ, ಎಷ್ಟಿದೆ ಎಂದೇ ಹದಿನೇಳು ವರ್ಷ ಅಳೆದವಳು
ಯಾಕಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.
ಉತ್ತರ ಸಿಕ್ಕರೆ ಕೊಡ ಹಗುರಾಗುವುದಿಲ್ಲ, ಗೊತ್ತು.
ತಣ್ಣನೆಯ ನೀರು ತುಳುಕಿ ಕಾಲ್ಬೆರಳಿಗೆ ಬಿತ್ತು.
ಒಳಗಿಂದ ಅವ್ವ: 'ನಿದ್ದೀಗಣ್ಣಾಗ ನಿಂತೇನ?'

ಏಳರ ಬದಲಿಗೆ ಇಮಾಮಹುಸೇನ
ಇನ್ನೊಂದು ಮಾಡಿಕೊಟ್ಟ. ಒಂದು ಮೈಕ್ರಾನೂ ತಪ್ಪಿರಲಿಲ್ಲ.
ಪೆಟ್ಟಿಗೆ ಹೋಗಿ ಈಗ ಎರಡು ಮಳೆಗಾಲ.
ಇವತ್ತು ಎಣ್ಣೆಕೈ ಒರೆಸುತ್ತ, ಮುಖ ನೋಡದೆ ಕೇಳಿದ:
'ಏನರೆ ಸಿಕ್ಕತಂತೇನ್ರಿ ಅವರಿಗೆ?'