ಕಾಲಿಂಚು

ಸಾಕೀನಾಕಾದ ಗಾಲಾ ಕಂಪೌಂಡು, ಮೂರನೇ ಮಹಡಿ.
ಲಿಫ್ಟು ಬಟ್ಟೆಗಂಟುಗಳಿಗೆ ಮಾತ್ರ.
ಸೋಮವಾರ ಹತ್ತಕ್ಕೆ ಅಶ್ಫಾಕ್ ಮಾಸ್ಟರರ ಟೇಪು
ನನ್ನನ್ನೊಂದು ಸುತ್ತು ಸುತ್ತಿ ಬರುತ್ತದೆ:
ಮೂವತ್ತಾರು, ಮೂವತ್ತು, ಮೂವತ್ತೆಂಟು.
ಕೇತಕಿ ಮೇಡಂ ಬರೆದುಕೊಳ್ಳುವ ತನಕ
ಉಸಿರನ್ನು ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ
ಹಿಡಿದಿಟ್ಟಿರುತ್ತೇನೆ.

ಕೆಲಸವೇನೆಂದರೆ, ನಿಲ್ಲುವುದು.
ನಡೆಯುವುದಲ್ಲ, ನಗುವುದಲ್ಲ.
ಅಂಗಡಿಗೆ ಹೋಗುವ ಮುಂಚೆ ಪ್ರತಿ ಕುರ್ತಿಯೂ
ನನ್ನ ಮೈಮೇಲೆ ಬಂದು
ತಾನು ಸರಿಯಿದ್ದೇನೆಯೇ ಎಂದು ಕೇಳಿ ಹೋಗುತ್ತದೆ.
ಕತ್ತಿನ ಪಟ್ಟಿಯಲ್ಲಿ 'ಎಂ' ಎಂದಿದ್ದರೆ
ಅದು ನಾನು. ಈ ದೇಶದ ಮೀಡಿಯಂ.

ಅವ್ವನಿಗೆ ತಿಳಿಸಿ ಹೇಳಲಾಗಲಿಲ್ಲ.
"ಮಾಡೆಲ್ ಅಂತೀ, ಫೋಟೋ ಎಲ್ಲೈತಿ?"
"ಫೋಟೋ ತೆಗೆಯೋದಿಲ್ಲ."
"ಮತ್ತ ರೊಕ್ಕ?"
"ಅರವತ್ತು ದಿನ ಬಿಟ್ಟು."
"ಹಂಗಾರ ಅದು ಖರೇನ ಕೆಲಸ ಹೌದಿಲ್ಲೋ, ನೋಡವಾ."

ಗಂಟೆಗೆ ಆರುನೂರು, ಅದರಲ್ಲಿ ಕಾಲು ಏಜೆಂಟನದು.
ಬಟ್ಟೆ ಬದಲಿಸಲು ಹ್ಯಾಂಗರುಗಳ ಸಾಲಿನ ಹಿಂದೆ;
ಇಸ್ತ್ರಿ ಹುಡುಗರು ಆ ಕಡೆ ತಿರುಗುತ್ತಾರೆ, ಒಳ್ಳೆಯವರು.
ಗುಂಡುಸೂಜಿ ಚುಚ್ಚಿದರೆ ಅಲುಗಬಾರದು,
ರಕ್ತದ ಚುಕ್ಕೆ ಬಿದ್ದ ಸ್ಯಾಂಪಲ್ಲು ನನ್ನ ಲೆಕ್ಕಕ್ಕೆ.
ತಿಂಗಳ ಆ ನಾಲ್ಕು ದಿನ ಹೊಟ್ಟೆ ಅರ್ಧ ಇಂಚು ಉಬ್ಬುತ್ತದೆ:
ಕೂಲಿಯಿಲ್ಲ, ರಜೆಯೂ ಅಲ್ಲ.
'ಅಳತೆ ಲಭ್ಯವಿಲ್ಲ' ಎಂದು ಡೈರಿಯಲ್ಲಿ.

ಮೊದಲ ದಿನ ಏಜೆಂಟ್ ವಖಾರಿಯಾ
ನನ್ನ ಮುಖ ನೋಡಿದ, ಆಮೇಲೆ ಟೇಪು ನೋಡಿದ.
"ಬಣ್ಣ ಕ್ಯಾಮೆರಾಕ್ಕೆ ಆಗೋದಿಲ್ಲ. ಅಳತೆ ಮಾತ್ರ ಬಂಗಾರ."
ಬೈಗುಳವೂ ಹೊಗಳಿಕೆಯೂ ಒಂದೇ ಹೊಲಿಗೆಯಲ್ಲಿ.

ಕ್ಯಾಮೆರಾಕ್ಕೆ ದಾರ್ಯಾ ಇದ್ದಾಳೆ,
ಬೆಲಾರೂಸಿನಿಂದ, ಮೂರು ತಿಂಗಳಿಗೆ.
ನನ್ನ ಮೇಲೆ ಹದಗೊಂಡ ಕುರ್ತಿ ಅವಳಿಗೆ ಜೋಲುತ್ತದೆ,
ಬೆನ್ನಿಗೆ ಏಳು ಕ್ಲಿಪ್ಪು ಹಾಕಿ ಬಿಗಿಯುತ್ತಾರೆ.
ಮುಂದಿನಿಂದ ದೀಪಾವಳಿ,
ಹಿಂದಿನಿಂದ ಬಟ್ಟೆ ಒಣಹಾಕಿದ ಹಗ್ಗ.
ಒಮ್ಮೆ ಮೆಟ್ಟಿಲ ಮೇಲೆ ಕೂತು ಬೆರಳೆಣಿಸಿ ಹೇಳಿದಳು:
ವರ್ಸೋವಾದಲ್ಲಿ ಒಂದು ಮನೆ, ಆರು ಹುಡುಗಿಯರು, ಆರು ಬಾಡಿಗೆ,
ವಿಮಾನದ ಸಾಲ, ಪಾಸ್‌ಪೋರ್ಟು ಏಜೆನ್ಸಿಯ ಕಪಾಟಿನಲ್ಲಿ.
ನಾನೂ ನನ್ನ ಬೆರಳೆತ್ತಿದೆ.
ಇಬ್ಬರದೂ ಕೂಡಿದರೂ
ಆ ದಿನದ ಲೈಟುಗಳ ಬಾಡಿಗೆ ಹುಟ್ಟುತ್ತಿರಲಿಲ್ಲ.
ಅವಳ ಡಬ್ಬಿಯ ಸೌತೆಕಾಯಿ ಹಂಚಿಕೊಂಡು ತಿಂದೆವು.
ಸೌತೆಕಾಯಿ ಯಾರ ಅಳತೆಯನ್ನೂ ಕೆಡಿಸುವುದಿಲ್ಲ.

ಇನ್ನೊಂದಿದೆ, ಡೈರಿಯಲ್ಲಿ ಇಲ್ಲದ್ದು.
ನನ್ನ ಎಡಹೆಗಲು ಕಾಲಿಂಚು ಕೆಳಗೆ.
ಐದನೇ ಇಯತ್ತೆಯಿಂದ ಕಳವಾದ ಕಟ್ಟಡಗಳನ್ನೆಲ್ಲ
ಅವ್ವನ ಹಿಂದೆ ಹಪ್ಪಳದ ಚೀಲ ಹೊತ್ತು ಹತ್ತಿದ್ದಕ್ಕೆ.
ಮಾಸ್ಟರರು ಮೊದಲ ವಾರವೇ ಕಂಡಿದ್ದರು.
ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾನು ಅಂದೇ ಮನೆಗೆ.
ಕಂದುಕಾಗದದ ಪ್ಯಾಟರ್ನನ್ನೇ ಎಡಕ್ಕೆ ಕಾಲಿಂಚು ಇಳಿಸಿ ಕತ್ತರಿಸಿ,
"ಹೆಗಲು ತಿದ್ದೋಕಾಗಲ್ಲ ಮಗಳೇ, ಕಾಗದ ತಿದ್ದಬಹುದು" ಅಂದರು.

ಈಗ ಘಾಟ್ಕೋಪರಿನಿಂದ ಏಳು ಹದಿನೆಂಟರ ಸ್ಲೋ,
ಹೆಂಗಸರ ಡಬ್ಬಿ.
ಬ್ಯಾಂಕಿನವಳು, ರಾತ್ರಿಪಾಳಿಯ ನರ್ಸು,
ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಕಾಲೇಜು ಹುಡುಗಿ,
ಎಲ್ಲರ ಕುರ್ತಿಯ ಕತ್ತೂ ಒಂಚೂರು ಎಡಕ್ಕೆ ವಾಲಿದೆ.
ಎಳೆದು ಸರಿಮಾಡಿಕೊಳ್ಳುತ್ತಾರೆ, ಮತ್ತೆ ಎಳೆಯುತ್ತಾರೆ,
ತಮ್ಮ ಮೈಯಲ್ಲೇ ಏನೋ ಐಬು ಎಂಬಂತೆ.
ಅಕ್ಕಾ, ಅದು ನಿಮ್ಮದಲ್ಲ, ನನ್ನದು,
ಎನ್ನಬೇಕೆನಿಸುತ್ತದೆ. ಮುಲುಂಡ್ ಬರುತ್ತದೆ.
ಜನ ನುಗ್ಗುತ್ತಾರೆ.

ಕುತ್ತಿಗೆ ನೋವಿಗೆ ಡಾಕ್ಟರು ಬರೆದುಕೊಟ್ಟದ್ದು ಗುಳಿಗೆಯಲ್ಲ:
ಇನ್ನು ಮೇಲೆ ಚೀಲ ಬಲಕ್ಕೆ ಹಾಕಿ,
ವರ್ಷದಲ್ಲಿ ಎರಡೂ ಹೆಗಲು ಸಮ.
ಕಳವಾದಲ್ಲಿ ಇಳಿಯುವಾಗ ಬಲಕ್ಕೆ ಹಾಕಿಕೊಂಡೆ,
ಪುಲ್ಲಿನ ಮೆಟ್ಟಿಲು ಹತ್ತುವ ತನಕ.
ಮತ್ತೆ ಎಡಕ್ಕೇ ಬದಲಿಸಿದೆ.
ಸೋಮವಾರ ಟೇಪು ಇದೆ.