ನಲವತ್ತೊಂದು ಸೆಕೆಂಡು

ಪ್ರತಿ ಅಕ್ಟೋಬರ್, ದ್ರಾಕ್ಷಿ ಕೊಯ್ಲು ಮುಗಿದ ಮಂಗಳವಾರ,
ಬೋರ್ಡೋದ ಆಸ್ಪತ್ರೆಯ ಮೂರನೆಯ ಮಹಡಿಯಿಂದ
ಫಿರ್ಮೆನ್ ಡ್ಯುಪೂಯ್‌ಗೆ ಫೋನು ಮಾಡುತ್ತೇನೆ.
ಕೇಳಬೇಕಾದ್ದು ಆರೇ ಪ್ರಶ್ನೆ.
ಆತ ಒಂಬತ್ತಕ್ಕೆ ಉತ್ತರ ಕೊಡುತ್ತಾನೆ.

ಪೀಪಾಯಿ ಕಟ್ಟುವವನು. ಓಕ್ ಹಲಗೆಗಳನ್ನು
ಬೆಂಕಿಯ ಸುತ್ತ ನಿಲ್ಲಿಸಿ, ನೀರು ಚಿಮುಕಿಸಿ, ಬಾಗಿಸಿ,
ಒಳಮೈಯನ್ನು ಹದವಾಗಿ ಸುಡುವವನು.
ಸುಡದಿದ್ದರೆ ವೈನು ಬರೀ ಮರ, ಮರ ಎನ್ನುತ್ತದಂತೆ.

ಐವತ್ತೆಂಟರಲ್ಲಿ ಆತನ ಎದೆ ಲಯಗೆಟ್ಟಿತು.
ಆತನದೇ ಮಾತಲ್ಲಿ: "ಕುಡಿದ ಐದು ಜನ
ಒಂದೇ ಪೀಪಾಯಿಗೆ ಸುತ್ತಿಗೆ ಹಾಕಿದ ಹಾಗೆ."
ಮಾತ್ರೆ ಬದಲಾದವು. ಎರಡು ಸಲ ಕರೆಂಟು ಕೊಟ್ಟರು.
ಮೆಟ್ಟಿಲ ನಡುವೆ ಕೂತು ಉಸಿರಿಗೆ ಕಾಯುವುದನ್ನು
ಹೆಂಡತಿ ಸೊಲಾಂಜ್‌ಗೆ ಗೊತ್ತಾಗದಂತೆ ಕಲಿತ,
ಬೂಟಿನ ದಾರ ಕಟ್ಟುವ ನೆಪದಲ್ಲಿ.

ಕೊನೆಗೆ ತೊಡೆಸಂದಿನಿಂದ ಒಂದು ತಂತಿ ಹತ್ತಿತು
ಎಡ ಹೃತ್ಕರ್ಣದವರೆಗೆ.
ಶ್ವಾಸಕೋಶದಿಂದ ಬಂದು ಸೇರುವ ನಾಲ್ಕು ನಾಳಗಳ
ಬಾಯಿಯ ಸುತ್ತ ಚುಕ್ಕಿ ಚುಕ್ಕಿಯಾಗಿ ಸುಟ್ಟರು.
ಕಲೆಯ ಬಳೆ. ಅದನ್ನು ದಾಟಿ ಕಿಡಿ ಬರಬಾರದು.
ಮೊದಲೇ ಕಾಗದದ ಮೇಲೆ ಬಿಡಿಸಿ ತೋರಿಸಿದ್ದಾಗ
ಆತ ಕೇಳಿದ್ದು ಇಷ್ಟೇ: "ಎಷ್ಟು ಡಿಗ್ರಿ? ಎಷ್ಟು ಹೊತ್ತು?"
ಡಾಕ್ಟರು ಹೇಳಿದರು. ಆತ ತಲೆಯಾಡಿಸಿದ,
ಒಂದೇ ಕಸುಬಿನವನಿಗೆ ಆಡಿಸುವ ಹಾಗೆ.

ಮೊದಲ ವರ್ಷ: "ಗಡಿಯಾರ!"
ಎರಡನೆಯ ವರ್ಷ: "ಗಡಿಯಾರ."
ಮೂರನೆಯ ವರ್ಷ ಫೋನಿನಲ್ಲಿ ಬರೀ ಉಸಿರು. ಆಮೇಲೆ,
"ಶನಿವಾರದಿಂದ."

ಬಳೆಯಲ್ಲಿ ಎರಡು ಕಡೆ ಸಂದು, ಎಳ್ಳಿನಷ್ಟು.
ಗಾಯ ಮಾಯುವಾಗ ಹೃದಯ
ತನ್ನ ಹಳೇ ದಾರಿಯನ್ನು ತಾನೇ ಬಿಡಿಸಿಕೊಂಡಿತ್ತು.
ನಾನು ಸಮಾಧಾನದ ಮಾತು ಹುಡುಕುತ್ತಿದ್ದರೆ ಆತನೇ ಅಂದ:
"ಸೋರಿತೆಂದು ಪೀಪಾಯಿಯನ್ನು ಯಾರೂ
ಒಡೆದು ಒಲೆಗೆ ಹಾಕುವುದಿಲ್ಲ, ಮದಾಮ್.
ಸಂದಿಗೆ ಒಣಜೊಂಡು ತುರುಕುತ್ತೇವೆ."
ಮತ್ತೊಮ್ಮೆ ಮಲಗಿದ. ಮತ್ತೊಮ್ಮೆ ಸುಟ್ಟರು.

ನಾಲ್ಕು. ಐದು. ಆರನೆಯ ವರ್ಷ ಸೊಲಾಂಜ್ ತೀರಿಕೊಂಡಳು.
"ಆ ರಾತ್ರಿಯೂ ಗಡಿಯಾರವೇ," ಎಂದ.
"ಒಂದು ಬಡಿತವನ್ನಾದರೂ ತಪ್ಪಬಾರದಿತ್ತೇ?
ಅದಕ್ಕೇ ನನಗೆ ಅದರ ಮೇಲೆ ಸಿಟ್ಟು."
ಸಿಟ್ಟಿಗೆ ಫಾರಮ್ಮಿನಲ್ಲಿ ಚೌಕವಿಲ್ಲ.
ಮರುಕಳಿಸಿದೆಯೇ? ಇಲ್ಲ, ಎಂದು ಬರೆದೆ.

ಒಂಬತ್ತನೆಯ ವರ್ಷ, ಎದೆಗೆ ಕಟ್ಟಿದ ಪೆಟ್ಟಿಗೆಯಲ್ಲಿ
ಬೆಳಗಿನ ಜಾವ ಮೂರೂ ಹತ್ತಕ್ಕೆ
ನಲವತ್ತೊಂದು ಸೆಕೆಂಡು ಕಲಕು ಗೆರೆ.
ನಿದ್ದೆಯಲ್ಲಿದ್ದ; ಗೊತ್ತೇ ಆಗಿರಲಿಲ್ಲ.
ಮೂವತ್ತು ದಾಟಿದರೆ ನಮ್ಮ ಲೆಕ್ಕದಲ್ಲಿ ಸೋಲು.
ಎಡದಿಂದ ಬಲಕ್ಕೆ ಇಳಿಯುವ ನಮ್ಮ ನಕ್ಷೆಯ ಗೆರೆ
ಆತನಿಗಾಗಿ ಒಂದು ಮೆಟ್ಟಿಲು ಕೆಳಗಿಳಿಯಿತು.
ಹತ್ತು ವರ್ಷದ ನಂತರ ಎಷ್ಟು ಜನ ಉಳಿದರು ಎಂದು
ಸಭೆಗಳಲ್ಲಿ ಕೋಲು ಹಿಡಿದು ತೋರಿಸುವ ಗೆರೆ.
ಆ ವಾರವೇ ಆತ ಇಗರ್ಜಿಯ ಗೋಪುರ ಹತ್ತಿದ್ದ,
ಇನ್ನೂರ ಹನ್ನೊಂದು ಮೆಟ್ಟಿಲು, ಬೂಟಿನ ದಾರ
ಬಿಚ್ಚಿಹೋಗಿದ್ದರೂ ಬಗ್ಗದೆ.
"ಸೋತೆನೋ?" ಎಂದು ಕೇಳಿದ.
ಕಾಗದದಲ್ಲಿ, ಎಂದೆ.
"ಕಾಗದ ಒಳ್ಳೆಯದೇ. ಬೆಂಕಿ ಹಚ್ಚಲು."

ಈ ಅಕ್ಟೋಬರ್ ಹನ್ನೆರಡನೆಯದು. ಫೋನೆತ್ತಿದ.
ಮಾತಿಗಿಂತ ಮೊದಲು ಬಡಿತ ಕೇಳಿಸಿತು:
ಟಕ್. ಟಕ್‌ಟಕ್. ಏನೂ ಇಲ್ಲ. ಟಕ್.
ನನ್ನ ಪೆನ್ನು ತಾನಾಗಿ ಹೌದು ಎಂಬ ಚೌಕಕ್ಕೆ ಹೋಯಿತು.
"ಅದು ನಾನಲ್ಲ," ಎಂದು ನಕ್ಕ. "ಅಯ್ಸಾಟಾ.
ಬಂದು ಎರಡು ವಾರ. ಕಬ್ಬಿಣದ ಬಳೆ ಕೂರಿಸುತ್ತಿದ್ದಾಳೆ.
ಸುತ್ತಿಗೆ ಇನ್ನೂ ಕೈಗೆ ಒಗ್ಗಿಲ್ಲ.
ಫೋನು ಇಡಬೇಡಿ, ಸ್ವಲ್ಪ ತಡೆಯಿರಿ."

ಇನ್ನೂ ಹದಿನೇಳು ಜನರಿಗೆ ಮಾಡುವುದಿತ್ತು.
ತಡೆದೆ.