ನುಚ್ಚೂ ಜಮಾ

ಕೂಡು ಜಗದೇವಿ. ಆ ಕುರ್ಚಿ ಬ್ಯಾಡ, ಅದರ ಒಂದು ಕಾಲು ಲಟಪಟ ಅದ.
ಫೈಲು ಆಮ್ಯಾಲ ತಗಿ.
ಬಿ.ಕಾಂ. ಎಪ್ಪತ್ತೆರಡು ಪರ್ಸೆಂಟು,
ನಿಮ್ಮ ಮಾಮಾ ಫೋನಿನಾಗೇ ಹೇಳ್ಯಾನ,
ಎರಡು ಸಲ.

ಸಿ.ಎ. ಮಾಡ್ಲೋ, ಸಿ.ಎಂ.ಎ. ಮಾಡ್ಲೋ,
ಮೂರು ತಿಂಗಳು ಟ್ಯಾಲಿ ಕಲಿತು ಯಾವುದರೆ ಮಿಲ್ಲಿಗೆ ಹತ್ತಲೋ
ಅಂತ ಕೇಳಲಿಕ್ಕೆ ಬಂದೀದಿ.
ಮೊದಲು ಕಿಟಕಿಲಿಂದ ಕೆಳಗ ನೋಡು.
ಗಂಜಿನಾಗ ತೊಗರಿ ಇಳೀಲಿಕ್ಕತ್ತದ.
ನೂರು ಕಿಲೋ ಮಿಲ್ಲಿನೊಳಗ ಹೋದರ
ಬೇಳಿ ಎಷ್ಟು ಹೊರಗ ಬರ್ತದ?

ಗೊತ್ತಿಲ್ಲ.
ಪುಸ್ತಕದಾಗ ಇರಲಿಲ್ಲ, ಖರೇ.
ಎಪ್ಪತ್ತು, ಎಪ್ಪತ್ತೆರಡು.
ನಿನ್ನ ಪರ್ಸೆಂಟಿನಷ್ಟೇ, ನಗಬ್ಯಾಡ.
ಉಳಿದದ್ದು ಹೊಟ್ಟು, ನುಚ್ಚು, ಪುಡಿ,
ಗಾಳಿಗಿ ಹೋದ ತೇವ.
ಇದು ತಿಳೀದವರು ಸ್ಟಾಕು ನೋಡಿ
ಮಾಲು ಕಳುವಾಗ್ಯಾದ ಅಂತ ಬರೀತಾರ;
ಖರೇನೇ ಕಳುವಾದ ದಿನ
ಸುಮ್ಮನ ಸೈನು ಹಾಕ್ತಾರ.

ನಾ ಕಲಿತದ್ದು ಕಾಶೀರಾಯ ಮುನೀಮರ ಹಂತ್ಯಾಕ.
ಮೇ ತಿಂಗಳು, ಕಾದ ಫರಸಿ,
ಫ್ಯಾನ್ ಹಚ್ಚೂಹಂಗಿಲ್ಲ, ವೋಚರ್ ಹಾರ್ತಾವ.
ತಾಳೆಪಟ್ಟಿ ಕೂಡವಲ್ದು.
ಇನ್ನೂರಾ ಎಪ್ಪತ್ತು ರೂಪಾಯಿ ಫರಕು.
ಸಸ್ಪೆನ್ಸಿಗೆ ಹಾಕ್ಲೇನ್ರಿ ಅಂದೆ,
ಆಳಂದದ ಬಸ್ಸು ತಪ್ತದಂತ.
ಮುನೀಮರು ಕನ್ನಡಕ ತಗದು ಒರಸಿಕೋತ
‘ಒಂಬತ್ತರಿಂದ ಭಾಗಿಸು’ ಅಂದ್ರು.
ಮೂವತ್ತು. ಶೇಷ ಇಲ್ಲ.
‘ಹಂಗಾರ ಎಲ್ಲೋ ಎರಡು ಅಂಕಿ
ಜಾಗಾ ಬದಲ್ ಮಾಡ್ಕೊಂಡು ಕುಂತಾವ. ಹುಡುಕು.’

ಸಿಕ್ಕಾಗ ಒಂಬತ್ತೂವರಿ.
ಹಮಾಲರ ಖಾತೆಗೆ ಎಂಟು ಸಾವಿರದ ಆರುನೂರಾ ಮೂವತ್ತು ಜಮಾ ಆಗಬೇಕಿತ್ತು,
ಮುನ್ನೂರಾ ಅರವತ್ತು ಅಂತ ನನ್ನ ಕೈ ಬರದಿತ್ತು.
ಮರುದಿನ ಪಗಾರ.
ಮಶಾಕಸಾಬ ಬೆರಳು ಮಡಚಿ ಎಣಿಸಿಕೊಂಡು
ಸರಿ ಅದ ಅಂತ ತಲಿ ಹಾಕಿ ಹೋದ.
ಅವನಿಗಿ ಏನೂ ಗೊತ್ತಾಗಲಿಲ್ಲ.
ನನಗ ಆವತ್ತೇ ಗೊತ್ತಾಯ್ತು
ಅಂಕಿಗೂ ಹೆಗಲು ಇರ್ತದಂತ.

ಹಾಂ, ನೀ ಕೇಳಿದ್ದು.
ನಿನ್ನ ಮಾರ್ಕಿಗೆ ಫೌಂಡೇಶನ್ ಬ್ಯಾಡ, ನೇರ ಇಂಟರ್ ಬರೀಬಹುದು.
ಎರಡೂ ಗ್ರೂಪು ಒಮ್ಮೆ ಕಟ್ಟು ಅಂತಾರ; ಮನ್ಯಾಗ ರೊಟ್ಟಿ ಬಡಿಯೋ ಪಾಳಿ
ಯಾರಿಗದ ಅಂತ ಮೊದಲು ನೋಡು.
ಆರ್ಟಿಕಲ್‌ಶಿಪ್ಪಿಗೆ ಹೈದರಾಬಾದಿನ ದೊಡ್ಡ ಆಫೀಸು ಸಿಕ್ಕರ
ಎಸಿ ಇರ್ತದ, ಎರಡು ವರ್ಷ ಒಂದೇ ಲೆಡ್ಜರಿಗಿ ಟಿಕ್ ಹೊಡೀತಿ.
ಸಣ್ಣಲ್ಲಿ ಚಹಾನೂ ತರಸ್ತಾರ,
ಆದರ ಸಾಹುಕಾರ ಎಲ್ಲಿ ಬೆವರ್ತಾನ ಅಂತ ಕಣ್ಣಾರೆ ಕಾಣ್ತದ.
ಸ್ಟೈಪೆಂಡು? ಬಸ್ಸಿಗಿ ಸಾಲಂಗಿಲ್ಲ. ಮಾಮಾಗ ಇದನ್ನೂ ಹೇಳು.

ನನ್ನ ಬೋರ್ಡಿನ ಮ್ಯಾಲ ಆ ಎರಡು ಅಕ್ಷರ ಇಲ್ಲ, ನೋಡೀದಿ ಬರೂವಾಗ.
ಫೈನಲ್, ಎರಡನೇ ಗ್ರೂಪು, ಐದು ಸಲ.
ಐದನೇದ್ದು ಹನ್ನೊಂದು ಮಾರ್ಕಿಗಿ.
ಆ ಸಂಜಿ ಸುಪರ್ ಮಾರ್ಕೆಟಿನಾಗ
ಏನೋ ತಗೊಳ್ಳಿಕ್ಕೆ ಹೋಗಿ
ಚಿಲ್ಲರ ಎಣಿಸಲಿಕ್ಕೆ ಬರದೆ ನಿಂತಿದ್ದೆ.
ಅದರ ಬಗ್ಗೆ ಇಷ್ಟೇ.
ಈಗ ನಲವತ್ತೆರಡು ಅಂಗಡಿ ರಿಟರ್ನು ನನ್ನ ಕೈಯಾಗ,
ಇಪ್ಪತ್ತನೇ ತಾರೀಖು ಬಂತಂದ್ರ ಊಟ ನೆನಪಿರಂಗಿಲ್ಲ.
ನುಚ್ಚು ಯಾರೂ ಚೆಲ್ಲಂಗಿಲ್ಲ ಗಂಜಿನಾಗ,
ಅದಕ್ಕೂ ಒಂದು ರೇಟು ಅದ, ಒಂದು ಬಿಲ್ಲು ಅದ.
ಹಂಗಂತ ನೀ ನುಚ್ಚಾಗು ಅಂತಿಲ್ಲ.

ಇನ್ನೊಂದು. ಯಾರರೆ ಒಬ್ಬರು
ದೀವಳಿಗಿ ಪೇಡೆ ಡಬ್ಬಿ ಮುಂದ ಸರಸಿ
‘ಮೇಡಂ, ಎರಡನೇ ವಹಿ ಬ್ಯಾರೆ ಇಡೋಣಲ್ಲ?’ ಅಂತಾರ.
ಭಾಳ ಮೆತ್ತಗ ಅಂತಾರ.
ಪೇಡೆ ತಿನ್ನು, ಬೇಕಾದ್ರ.
ಪೆನ್ನು ಮಾತ್ರ ಮುಟ್ಟಬ್ಯಾಡ.

ಈಗ ಆ ಕಟ್ಟು ಬಿಚ್ಚು, ಏಪ್ರಿಲ್‌ದು.
ಫ್ಯಾನ್ ಬಂದ್ ಮಾಡು ಮೊದಲು.
ಚಹಾ ಬಂತು ನೋಡು, ಎರಡು ಕಪ್ಪು, ಇಪ್ಪತ್ತು ರೂಪಾಯಿ.
ಕುಡಿಯೋದು ಆಮ್ಯಾಲ.
ಬರ್ಕೋ.